ಕತ್ತು ನಿಲ್ಲದ ಕೂಸು: ಬೀಜದ ಬರಹದಲ್ಲಿ ಒಂದು ಅಕ್ಷರ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಋತುಚರ್ಯೆ, ಪಥ್ಯ, ಮನೆಮದ್ದುಗಳ ವಿಚಾರವನ್ನು ಬರೆಯುತ್ತ ಬಂದಿದ್ದೇವೆ. ಈ ತಿಂಗಳ ವಿಷಯ ತುಸು ಕಠಿಣವಾದುದು. ಇದರಲ್ಲಿ ಕಾಲೇಜಿನ ಪಾಠದಂತಹ ಕೆಲವು ಮಾತುಗಳು ಬರುತ್ತವೆ. ಆದರೂ ಮನೆಯಲ್ಲಿ ಕೈಗೂಸು ಇರುವವರು, ಮಕ್ಕಳಿಗೆ ಸಂಬಂಧ ನೋಡುತ್ತಿರುವ ಹಿರಿಯರು ಇದನ್ನು ಕೊನೆಯವರೆಗೆ ಓದಬೇಕೆಂದು ಪ್ರಾರ್ಥಿಸುತ್ತೇವೆ. ಇದರ ಹಿಂದೆ ನಮ್ಮದೇ ಒಂದು ತಪ್ಪು ಇದೆ. ಅದನ್ನು ಹೇಳಿಯೇ ಮುಂದುವರಿಯುವುದು ಸರಿ.

ಮಾರಿಕುಪ್ಪಂನ ಒಂದು ಮನೆ

ಕೋಲಾರ ಚಿನ್ನದ ಗಣಿ ಪ್ರದೇಶದ ಮಾರಿಕುಪ್ಪಂನಲ್ಲಿ ನಾವು ಬಹುಕಾಲದಿಂದ ಚಿಕಿತ್ಸೆ ನಡೆಸುತ್ತಿದ್ದೇವೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಮಂದಿ ನಸುಕಿನ ರೈಲು ಹಿಡಿದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವುದು ರೂಢಿಯಾಯಿತು. ಅಂತಹ ಒಂದು ಮನೆಯ ಐದು ತಿಂಗಳ ಗಂಡುಕೂಸನ್ನು ಸುಮಾರು ಹದಿನಾರು ವರ್ಷಗಳ ಹಿಂದೆ ನಮ್ಮ ಬಳಿಗೆ ಕರೆತಂದರು. ಕೂಸಿನ ಕತ್ತು ನಿಂತಿರಲಿಲ್ಲ. ಕಾಲುಗಳು ಕಪ್ಪೆಯ ಕಾಲಿನಂತೆ ಎರಡೂ ಬದಿಗೆ ಬಿದ್ದುಕೊಂಡಿದ್ದವು. ಅಳು ಕ್ಷೀಣವಾಗಿತ್ತು. ಕಣ್ಣುಗಳು ಮಾತ್ರ ಬಹಳ ಚುರುಕು. ಯಾರು ಎಲ್ಲಿ ನಡೆದರೂ ಹಿಂಬಾಲಿಸುತ್ತಿದ್ದವು.

“ಇವರಪ್ಪನೂ ಹೀಗೇ ನಿಧಾನ ಡಾಕ್ಟ್ರೇ, ನಡೆಯೋಕೆ ಒಂದೂವರೆ ವರ್ಷ ತಗೊಂಡ” ಎಂದರು ಅಜ್ಜಿ. ನಾವೂ ಅದನ್ನು ಒಪ್ಪಿದೆವು. ಕಾಶ್ಯಪ ಸಂಹಿತೆಯಲ್ಲಿ ವಯಸ್ಸು ಒಂದು ವರ್ಷ ದಾಟಿದರೂ ಹೆಜ್ಜೆಯಿಡದ ಶಿಶುವಿನ ವ್ಯಾಧಿಯನ್ನು ಫಕ್ಕ ಎಂದು ಕರೆದು ಅದರಲ್ಲಿ ಮೂರು ಬಗೆ ಹೇಳಿದ್ದಾರೆ: ಕ್ಷೀರಜ, ಗರ್ಭಜ, ವ್ಯಾಧಿಜ. ಇದು ಕ್ಷೀರಜ ಫಕ್ಕದ ಆರಂಭವಿರಬೇಕೆಂದು ನಾವು ತೀರ್ಮಾನಿಸಿದೆವು. ಕೂಸಿಗೆ ಕ್ಷೀರಬಲಾ ತೈಲದ ಅಭ್ಯಂಗ, ತಾಯಿಗೆ ಹಾಲನ್ನು ಶುದ್ಧಗೊಳಿಸುವ ಕಷಾಯ. ಮೂರು ತಿಂಗಳು ಹೀಗೆ ಕಳೆಯಿತು. ಎಂಟನೆಯ ತಿಂಗಳಲ್ಲಿ ಕೂಸಿನ ನಾಲಗೆ ಹುಳು ಹರಿದಂತೆ ಅದುರುವುದನ್ನು ಕಂಡಾಗ ನಮಗೆ ಅನುಮಾನ ಹುಟ್ಟಿತು. ಬೆಂಗಳೂರಿಗೆ ಹೋಗಿರೆಂದು ಹೇಳಿದೆವು, ಆದರೆ ಒತ್ತಾಯಿಸಿ ಹೇಳಲಿಲ್ಲ. ಹದಿಮೂರನೆಯ ತಿಂಗಳಲ್ಲಿ ಕಫ ಕಟ್ಟಿ ಕೂಸು ತೀರಿಕೊಂಡಿತು. ಪರೀಕ್ಷೆ ಆಗಲೇ ಇಲ್ಲ.

ಎರಡು ವರ್ಷದ ತರುವಾಯ ಅದೇ ತಾಯಿ ಹೆಣ್ಣುಕೂಸನ್ನು ತಂದರು. ಅದೇ ಕಪ್ಪೆಗಾಲು, ಅದೇ ಚುರುಕು ಕಣ್ಣು. ಈ ಬಾರಿ ನಾವೇ ರೈಲು ಹತ್ತಿಸಿ ಕಳಿಸಿದೆವು. ರಕ್ತಪರೀಕ್ಷೆಯಲ್ಲಿ ರೋಗದ ಹೆಸರು ಸಿಕ್ಕಿತು: ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಚಿಕ್ಕದಾಗಿ ಎಸ್‌ಎಂಎ. ಬೆನ್ನುಹುರಿಯಲ್ಲಿದ್ದು ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ ವಂಶಪಾರಂಪರ್ಯ ವ್ಯಾಧಿ. ಆಗ ಜಗತ್ತಿನ ಎಲ್ಲಿಯೂ ಇದಕ್ಕೆ ಔಷಧವಿರಲಿಲ್ಲ. ಆ ಕೂಸೂ ಉಳಿಯಲಿಲ್ಲ.

ಅನಂತರ ಒಂದು ದಿನ ಆ ತಾಯಿ ಬಂದು ನಮ್ಮನ್ನು ಕೇಳಿದರು: “ಡಾಕ್ಟ್ರೇ, ನನ್ನ ಹಾಲೇ ಕೆಟ್ಟದ್ದಾಗಿತ್ತಾ?” ನಾವು ಕೊಟ್ಟ ಕಷಾಯವನ್ನು ಮನೆಯವರು ತೀರ್ಪೆಂದು ಓದಿಕೊಂಡಿದ್ದರು. ಆಕೆಯ ಹಾಲಿನಲ್ಲಿ ದೋಷವಿರಲಿಲ್ಲ. ದೋಷ ಇದ್ದದ್ದು ಎಲ್ಲಿ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಅದಿರು ಮತ್ತು ಚಿನ್ನ

ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಬೀಜ, ಬೀಜಭಾಗ, ಬೀಜಭಾಗಾವಯವ ಎಂಬ ಮೂರು ಪದಗಳಿವೆ. ಬೀಜದ ಯಾವ ಭಾಗ ಕೆಟ್ಟಿದೆಯೋ ಅದರಿಂದ ಆಗಬೇಕಾದ ಅಂಗ ಕೆಡುತ್ತದೆ ಎಂಬುದು ಅಲ್ಲಿಯ ವಿಚಾರ. ಸೂಕ್ಷ್ಮದರ್ಶಕವೇ ಇಲ್ಲದ ಕಾಲದಲ್ಲಿ ಬೀಜದೊಳಗೆ ಭಾಗವನ್ನೂ ಭಾಗದೊಳಗೆ ಅವಯವವನ್ನೂ ಊಹಿಸಿದ ಬುದ್ಧಿ ದೊಡ್ಡದು. ಇಂದಿನ ವಿಜ್ಞಾನವು ಆ ಅವಯವವನ್ನು ಅಕ್ಷರ ಅಕ್ಷರವಾಗಿ ಓದುತ್ತಿದೆ.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಡಿಎನ್‌ಎ ಎಂಬ ದೀರ್ಘ ಬರಹವಿದೆ. ಅದರ ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಈ ಬರಹದಲ್ಲಿ ಪ್ರೋಟೀನುಗಳನ್ನು ತಯಾರಿಸುವ ಸುಮಾರು 20,000 ಸೂಚನೆಗಳಿವೆ. ಒಂದೊಂದು ಸೂಚನೆಯೂ ಒಂದು ವಂಶವಾಹಿ. ಕೋಶಕ್ಕೆ ಒಂದು ಪ್ರೋಟೀನು ಬೇಕಾದಾಗ ಆ ವಂಶವಾಹಿಯ ನಕಲನ್ನು ಆರ್‌ಎನ್‌ಎ ರೂಪದಲ್ಲಿ ತೆಗೆಯುತ್ತದೆ. ಆದರೆ ಆ ನಕಲು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಅದರ ನಡುನಡುವೆ ಪ್ರೋಟೀನಿಗೆ ಬೇಡವಾದ ಉದ್ದುದ್ದ ಭಾಗಗಳಿರುತ್ತವೆ. ಇವು ಇಂಟ್ರಾನುಗಳು. ಬೇಕಾದ ತುಂಡುಗಳು ಎಕ್ಸಾನುಗಳು. ಇಂಟ್ರಾನುಗಳನ್ನು ಕತ್ತರಿಸಿ ತೆಗೆದು ಎಕ್ಸಾನುಗಳನ್ನು ಸಾಲಾಗಿ ಜೋಡಿಸುವ ಕಾರ್ಯಕ್ಕೆ ಸ್ಪ್ಲೈಸಿಂಗ್ ಎಂದು ಹೆಸರು. 1977ರಲ್ಲಿ ಇದನ್ನು ಬೇರೆಬೇರೆಯಾಗಿ ಕಂಡುಹಿಡಿದ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಗಣಿಯ ಊರಿನವರಿಗೆ ಇದನ್ನು ತಿಳಿಸುವುದು ಸುಲಭ. ನೆಲದಾಳದಿಂದ ಟನ್ನುಗಟ್ಟಲೆ ಅದಿರು ಮೇಲೆ ಬರುತ್ತಿತ್ತು. ಅದನ್ನು ಪುಡಿಮಾಡಿ, ಸೋಸಿ, ಕೊನೆಗೆ ದಕ್ಕುತ್ತಿದ್ದ ಚಿನ್ನ ಟನ್ನಿಗೆ ಕೆಲವೇ ಗ್ರಾಂ. ಉಳಿದ ಮಣ್ಣು ಇಂದಿಗೂ ಸೈನೈಡ್ ದಿಬ್ಬಗಳಾಗಿ ನಮ್ಮ ಊರ ಸುತ್ತ ನಿಂತಿದೆ. ಜೀವಕೋಶದಲ್ಲಿಯೂ ಹೀಗೆಯೇ. ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ 22 ಲಕ್ಷಕ್ಕೂ ಹೆಚ್ಚು ಅಕ್ಷರಗಳಿವೆ. ಕತ್ತರಿಸಿ ಜೋಡಿಸಿದ ಮೇಲೆ 79 ತುಂಡುಗಳು ಸೇರಿ ಉಳಿಯುವುದು ಸುಮಾರು 14,000 ಅಕ್ಷರ ಮಾತ್ರ. ನೂರರಲ್ಲಿ ಒಂದು ಪಾಲೂ ಇಲ್ಲ.

ಒಂದು ಭೇದವಿದೆ. ಗಣಿಯಲ್ಲಿ ಚಿನ್ನ ಎಂದಿಗೂ ಚಿನ್ನವೇ, ಮಣ್ಣು ಮಣ್ಣೇ. ಜೀವಕೋಶವು ಯಾವ ತುಂಡನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಸ್ಥಳ ಮತ್ತು ಸಂದರ್ಭ ನೋಡಿ ನಿರ್ಧರಿಸುತ್ತದೆ. ಒಂದೇ ವಂಶವಾಹಿಯಿಂದ ಥೈರಾಯ್ಡ್ ಗ್ರಂಥಿಯು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು ಮಾಡಿಕೊಳ್ಳುತ್ತದೆ. ನರಕೋಶವು ಅದೇ ನಕಲನ್ನು ಬೇರೆ ರೀತಿಯಲ್ಲಿ ಜೋಡಿಸಿ ರಕ್ತನಾಳಗಳನ್ನು ಹಿಗ್ಗಿಸುವ ಬೇರೊಂದು ವಸ್ತುವನ್ನು ಮಾಡಿಕೊಳ್ಳುತ್ತದೆ. ಮನುಷ್ಯನ ವಂಶವಾಹಿಗಳಲ್ಲಿ ಬಹುಪಾಲು ಹೀಗೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಜೋಡಣೆಗೊಳ್ಳುತ್ತವೆ.

ಉಳಿಸುವವರು, ಬಿಡಿಸುವವರು

ಈ ನಿರ್ಧಾರವನ್ನು ಮಾಡುವವು ಸ್ಪ್ಲೈಸಿಂಗ್ ಅಂಶಗಳೆಂಬ ಪ್ರೋಟೀನುಗಳು. ಇವುಗಳಲ್ಲಿ ಎರಡು ಮುಖ್ಯ ಪಂಗಡಗಳಿವೆ. ಒಂದು ಪಂಗಡದವು ಸಾಮಾನ್ಯವಾಗಿ ಎಕ್ಸಾನಿನ ಮೇಲೆ ಕುಳಿತು, ಈ ತುಂಡು ಬೇಕು, ಉಳಿಸಿ ಎಂದು ಕತ್ತರಿಸುವ ಯಂತ್ರಕ್ಕೆ ಸೂಚಿಸುತ್ತವೆ. ಇನ್ನೊಂದು ಪಂಗಡದವು ಬಹುಮಟ್ಟಿಗೆ, ಇದು ಬೇಡ, ದಾಟಿ ಹೋಗಿ ಎನ್ನುತ್ತವೆ. ಎಲ್ಲಿ ಕೂರಬೇಕೆಂಬುದನ್ನು ಅವು ಗುರುತಿಸುವುದು ಕೆಲವೇ ಅಕ್ಷರಗಳ ಚಿಕ್ಕ ಗುರುತಿನಿಂದ. ಆ ಗುರುತಿನಲ್ಲಿ ಒಂದು ಅಕ್ಷರ ಬದಲಾದರೂ ಕೂರಬೇಕಾದುದು ಕೂರದೆ ಹೋಗಬಹುದು, ಕೂರಬಾರದುದು ಬಂದು ಕೂರಬಹುದು.

ನಾವು ಔಷಧಚೀಟಿಯಲ್ಲಿ “ಈ ತೈಲ ಹಚ್ಚಲು, ಕುಡಿಯಲು ಅಲ್ಲ” ಎಂದು ಬರೆಯುತ್ತೇವೆ. ನಕಲು ಮಾಡುವವನು ಕೊನೆಯ ಪದವೊಂದನ್ನು ಬಿಟ್ಟರೆ ಏನಾಗುತ್ತದೆಂದು ಯೋಚಿಸಿ. ಎಸ್‌ಎಂಎ ವ್ಯಾಧಿಯಲ್ಲಿ ನಡೆಯುವುದು ಇಂತಹುದೇ.

ನಮ್ಮ ಐದನೆಯ ವರ್ಣತಂತುವಿನಲ್ಲಿ ಎಸ್‌ಎಂಎನ್ 1 ಎಂಬ ವಂಶವಾಹಿ ಇದೆ. ಬೆನ್ನುಹುರಿಯ ನರಕೋಶಗಳು ಬದುಕಿರಲು ಬೇಕಾದ ಪ್ರೋಟೀನನ್ನು ಅದು ಕೊಡುತ್ತದೆ. 1995ರಲ್ಲಿ ಪ್ಯಾರಿಸ್ಸಿನ ಜುಡಿತ್ ಮೆಲ್ಕಿ ಅವರ ತಂಡ ಇದನ್ನು ಗುರುತಿಸಿತು. ಅದರ ಪಕ್ಕದಲ್ಲಿಯೇ ಅವಳಿಯಂತೆ ಎಸ್‌ಎಂಎನ್ 2 ಎಂಬ ಇನ್ನೊಂದು ವಂಶವಾಹಿ ಇದೆ. ಎರಡೂ ಬಹುತೇಕ ಒಂದೇ. ಆದರೆ ಏಳನೆಯ ಎಕ್ಸಾನಿನ ಆರನೆಯ ಸ್ಥಾನದಲ್ಲಿ ಮೊದಲನೆಯದರಲ್ಲಿ ‘ಸಿ’ ಇದ್ದರೆ ಎರಡನೆಯದರಲ್ಲಿ ‘ಟಿ’ ಇದೆ. ಆ ಒಂದು ಅಕ್ಷರದಿಂದ ಉಳಿಸು ಎನ್ನುವ ಅಂಶ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಬಿಡು ಎನ್ನುವ ಅಂಶಕ್ಕೆ ಎಡೆ ಸಿಗುತ್ತದೆ. ಏಳನೆಯ ತುಂಡು ಬಿಟ್ಟುಹೋಗುತ್ತದೆ. ಅದಿಲ್ಲದ ಪ್ರೋಟೀನು ಬೇಗನೆ ನಾಶವಾಗುತ್ತದೆ. ಹೀಗಾಗಿ ಎಸ್‌ಎಂಎನ್ 2ರಿಂದ ಬರುವ ಪೂರ್ಣ ನಕಲುಗಳು ಹತ್ತರಲ್ಲಿ ಸುಮಾರು ಒಂದು.

ಮೊದಲನೆಯ ವಂಶವಾಹಿ ಸರಿಯಿರುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ತಾಯಿಯಿಂದಲೂ ತಂದೆಯಿಂದಲೂ ಕೆಟ್ಟ ಎಸ್‌ಎಂಎನ್ 1 ಪಡೆದ ಕೂಸಿಗೆ ಎಸ್‌ಎಂಎನ್ 2ರ ಆ ಅಲ್ಪ ಉತ್ಪತ್ತಿಯೇ ಗತಿ. ಎಸ್‌ಎಂಎನ್ 2ರ ಪ್ರತಿಗಳು ಕೆಲವರಲ್ಲಿ ಎರಡು, ಕೆಲವರಲ್ಲಿ ಮೂರು ನಾಲ್ಕು ಇರುತ್ತವೆ. ಪ್ರತಿ ಹೆಚ್ಚಿದ್ದಷ್ಟೂ ರೋಗದ ಉಗ್ರತೆ ಸಾಮಾನ್ಯವಾಗಿ ಕಡಿಮೆ. ಅತ್ಯಂತ ಉಗ್ರ ಬಗೆಯಲ್ಲಿ ಆರು ತಿಂಗಳೊಳಗೆ ಲಕ್ಷಣ ಕಾಣುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚಿನ ಕೂಸುಗಳು ಎರಡು ವರ್ಷ ದಾಟುವುದಿಲ್ಲ.

ವಿಚಿತ್ರವೆಂದರೆ, ಈ ಪ್ರೋಟೀನಿನ ಒಂದು ಮುಖ್ಯ ಕೆಲಸವೂ ಸ್ಪ್ಲೈಸಿಂಗ್ ಯಂತ್ರದ ಬಿಡಿಭಾಗಗಳನ್ನು ಜೋಡಿಸಿಕೊಡುವುದೇ. ಕತ್ತರಿಯನ್ನು ಮಾಡುವವನ ಮನೆಯ ಬಟ್ಟೆಯೇ ತಪ್ಪಾಗಿ ಕತ್ತರಿಸಿಹೋದಂತೆ.

ಅಸಾಧ್ಯವೆಂದ ವ್ಯಾಧಿಗೆ ಒಂದು ದಾರಿ

ಕುಲದಿಂದ ಬಂದ ವಿಕಾರಗಳು ಅಸಾಧ್ಯವೆಂದು ಚರಕಾಚಾರ್ಯರು ಪ್ರಮೇಹದ ಪ್ರಕರಣದಲ್ಲಿ ಹೇಳಿದ್ದಾರೆ. ಬಹುಕಾಲ ಅದು ನಿಜವೇ ಆಗಿತ್ತು. ಎಸ್‌ಎಂಎ ವಿಷಯದಲ್ಲಿ ವಿಜ್ಞಾನಿಗಳು ಬೇರೆಯಾಗಿ ಯೋಚಿಸಿದರು: ಕೆಟ್ಟ ವಂಶವಾಹಿಯನ್ನು ಬಿಟ್ಟು, ಪಕ್ಕದ ಅವಳಿಯ ಜೋಡಣೆಯನ್ನೇ ತಿದ್ದಬಾರದೇಕೆ?

ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿದ್ದ ಭಾರತೀಯ ಮೂಲದ ರವೀಂದ್ರ ಸಿಂಗ್ ಮತ್ತು ಅವರ ಸಂಗಡಿಗರು ಏಳನೆಯ ಎಕ್ಸಾನಿನ ಮುಂದಿನ ಇಂಟ್ರಾನಿನಲ್ಲಿ ಒಂದು ಚಿಕ್ಕ ಸ್ಥಾನವನ್ನು ಕಂಡುಹಿಡಿದು 2006ರಲ್ಲಿ ಪ್ರಕಟಿಸಿದರು. ಬಿಡು ಎನ್ನುವ ಅಂಶಗಳು ಬಂದು ಕೂರುವ ಪೀಠವದು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಏಡ್ರಿಯನ್ ಕ್ರೈನರ್ ಮತ್ತು ಅವರ ಸಹೋದ್ಯೋಗಿಗಳು ಆ ಪೀಠವನ್ನು ಮುಚ್ಚಿಬಿಡುವ ಚಿಕ್ಕ ಅಕ್ಷರಸರವನ್ನು ಔಷಧವಾಗಿ ರೂಪಿಸಿದರು. ಪೀಠ ಮುಚ್ಚಿದಾಗ ಬಿಡು ಎನ್ನುವವನಿಗೆ ಸ್ಥಳವಿಲ್ಲ. ಏಳನೆಯ ತುಂಡು ಉಳಿಯುತ್ತದೆ. ನುಸಿನರ್ಸೆನ್ ಎಂಬ ಈ ಔಷಧಕ್ಕೆ 2016ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚಬೇಕು. ಮೊದಲ ಎರಡು ತಿಂಗಳಲ್ಲಿ ನಾಲ್ಕು ಬಾರಿ, ಆಮೇಲೆ ನಾಲ್ಕು ತಿಂಗಳಿಗೊಮ್ಮೆ.

2020ರಲ್ಲಿ ಬಂದ ರಿಸ್ಡಿಪ್ಲಾಮ್ ಬಾಯಿಂದ ಕುಡಿಸುವ ಔಷಧ. ಅದೂ ಏಳನೆಯ ತುಂಡನ್ನು ಉಳಿಸಲು ಸ್ಪ್ಲೈಸಿಂಗ್ ಯಂತ್ರಕ್ಕೆ ನೆರವಾಗುತ್ತದೆ. 2021ರಲ್ಲಿ ಭಾರತಕ್ಕೆ ಬಂದಾಗ ಅದರ ಒಂದು ಸೀಸೆಗೆ ಲಕ್ಷಾಂತರ ರೂಪಾಯಿ. ನ್ಯಾಯಾಲಯದ ವ್ಯಾಜ್ಯದ ನಂತರ 2025ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ನ್ಯಾಟ್ಕೊ ಸಂಸ್ಥೆಯು ಅದೇ ಔಷಧವನ್ನು ಸೀಸೆಗೆ 15,900 ರೂಪಾಯಿಯಂತೆ ಹೊರತಂದಿತು. ಇದಲ್ಲದೆ ವಂಶವಾಹಿಯನ್ನೇ ಒಮ್ಮೆ ಪೂರೈಸುವ ಚಿಕಿತ್ಸೆಯೂ ಇದೆ. ಅದರ ಬೆಲೆ ಕೋಟಿಗಳಲ್ಲಿದೆ.

ಇಲ್ಲೊಂದು ಮಾತನ್ನು ಭಕ್ತರು ಚೆನ್ನಾಗಿ ನೆನಪಿಡಬೇಕು. ಈ ಔಷಧಗಳು ಬದುಕಿರುವ ನರಕೋಶವನ್ನು ಕಾಯುತ್ತವೆ. ಸತ್ತುದನ್ನು ಮರಳಿ ತರುವುದಿಲ್ಲ. ಲಕ್ಷಣ ತೋರುವ ಮೊದಲೇ ನುಸಿನರ್ಸೆನ್ ಆರಂಭಿಸಿದ 25 ಶಿಶುಗಳ ಅಧ್ಯಯನವೊಂದರಲ್ಲಿ ಬಹುಪಾಲು ಮಕ್ಕಳು ತಾವಾಗಿ ನಡೆಯಲು ಕಲಿತರು. ತಡವಾಗಿ ಆರಂಭಿಸಿದವರಲ್ಲಿ ಅಷ್ಟು ಫಲವಿಲ್ಲ. ಆದುದರಿಂದ ಇಂದು ಯಾರಾದರೂ ವೈದ್ಯರು ನಾವು ಮಾಡಿದಂತೆ ಮೂರು ತಿಂಗಳು ತೈಲ ಹಚ್ಚಿಸುತ್ತ ಕುಳಿತರೆ, ಕಳೆಯುವುದು ಬರಿಯ ಕಾಲವಲ್ಲ, ಕೂಸಿನ ಕೈಕಾಲು, ಉಸಿರು.

ಸಂಬಂಧ ನೋಡುವಾಗ

ಆ ಮನೆಯ ತಾಯಿ ತನ್ನ ಗಂಡನಿಗೆ ಸ್ವಂತ ಅಕ್ಕನ ಮಗಳು. ನಮ್ಮ ನಾಡಿನಲ್ಲಿ ಇದು ಅಪರೂಪವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ರಕ್ತಸಂಬಂಧದೊಳಗಿನವು. ಆಸ್ತಿ ಉಳಿಯುತ್ತದೆ, ಹೆಣ್ಣುಮಗಳು ಕಣ್ಣೆದುರಿಗಿರುತ್ತಾಳೆ ಎಂಬ ಹಿರಿಯರ ಮಾತಿನಲ್ಲಿ ಪ್ರೀತಿಯಿದೆ. ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ಲೆಕ್ಕವನ್ನು ತಿಳಿದಿರಬೇಕು.

ಚರಕ ಶಾರೀರಸ್ಥಾನದ ಎರಡನೆಯ ಅಧ್ಯಾಯಕ್ಕೆ ಅತುಲ್ಯಗೋತ್ರೀಯವೆಂದೇ ಹೆಸರು. ಗಂಡುಹೆಣ್ಣಿನ ಗೋತ್ರ ಒಂದಾಗಿರಬಾರದೆಂಬುದು ಅದರ ಆಶಯ. ನಾವೂ ಗೋತ್ರ, ಬೆಡಗು ಕೇಳಿಯೇ ಸಂಬಂಧ ಮಾಡುತ್ತೇವೆ. ಅಕ್ಕ ಮದುವೆಯಾಗಿ ಬೇರೆ ಬೆಡಗಿಗೆ ಹೋಗಿರುವುದರಿಂದ ಅವಳ ಮಗಳು ಬೇರೆಯವಳೆಂದು ಎಣಿಸುತ್ತೇವೆ. ಬೀಜಕ್ಕೆ ಬೆಡಗು ಗೊತ್ತಿಲ್ಲ. ಎಸ್‌ಎಂಎ ದೋಷದ ಒಂದು ಪ್ರತಿಯನ್ನು ಹೊತ್ತವರನ್ನು ವಾಹಕರೆನ್ನುತ್ತಾರೆ. ಅವರು ಪೂರ್ಣ ಆರೋಗ್ಯವಂತರು. ಜನಸಾಮಾನ್ಯರಲ್ಲಿ ಸುಮಾರು 40ರಿಂದ 50 ಮಂದಿಗೆ ಒಬ್ಬರು ವಾಹಕರು. ಆದರೆ ಸೋದರಮಾವ ವಾಹಕನಾಗಿದ್ದರೆ ಅವನ ಅಕ್ಕನ ಮಗಳೂ ವಾಹಕಳಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ಸಂಬಂಧವಾದರೆ ಎಂಟರಲ್ಲಿ ಒಂದು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲಿಯೂ ಕೂಸಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರ ಪಾಲೂ ಸಮ. ತಾಯಿಯೊಬ್ಬಳ ಮೇಲೆ ಹೊರಿಸಲು ಇಲ್ಲಿ ಏನೂ ಇಲ್ಲ.

ಹೊರಗಿನ ಸಂಬಂಧ ಮಾಡಿಕೊಂಡವರಿಗೂ ಈ ರೋಗ ಬರಬಹುದು. ಅವರಲ್ಲಿ ಸಾಧ್ಯತೆ ಕಡಿಮೆ ಅಷ್ಟೇ. ಸ್ಪ್ಲೈಸಿಂಗ್ ದೋಷದಿಂದ ಬರುವ ರೋಗ ಇದೊಂದೇ ಅಲ್ಲ ಎಂಬುದೂ ತಿಳಿದಿರಲಿ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾ ರೋಗಕ್ಕೆ ಅತಿ ಸಾಮಾನ್ಯ ಕಾರಣವಾದ ಅಕ್ಷರದೋಷವೂ ಕತ್ತರಿಸಬೇಕಾದ ಗಡಿಯ ಬಳಿಯೇ ಇದೆ.

ಮನೆಯವರು ಗಮನಿಸಬೇಕಾದುದು

1. ನಾಲ್ಕು ತಿಂಗಳು ತುಂಬಿದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೆ ಆಧಾರವಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷಕ್ಕೆ ನಡೆಯದಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ. ಮೊದಲು ಆಡಿಸುತ್ತಿದ್ದ ಕೈಕಾಲನ್ನು ಈಗ ಆಡಿಸದಿದ್ದರೆ ಒಂದು ವಾರವೂ ತಡಮಾಡಬೇಡಿ.

2. ಕಪ್ಪೆಗಾಲು, ಕ್ಷೀಣವಾದ ಅಳು, ಹಾಲು ಕುಡಿಯುವಾಗ ದಣಿವು, ನಾಲಗೆಯ ಅದುರು, ಉಸಿರಾಡುವಾಗ ಎದೆ ಕುಗ್ಗಿ ಹೊಟ್ಟೆ ಮಾತ್ರ ಉಬ್ಬುವುದು: ಇವು ಎಸ್‌ಎಂಎ ಸೂಚನೆಗಳಾಗಿರಬಹುದು. ಕಣ್ಣು ಚುರುಕಾಗಿದೆ, ನಗುತ್ತದೆ ಎಂದು ಸಮಾಧಾನಪಡಬೇಡಿ. ಈ ರೋಗದಲ್ಲಿ ಬುದ್ಧಿಗೆ ಕುಂದಿಲ್ಲ.

3. ಇಂತಹ ಕೂಸಿಗೆ ಎರೆಯುವಾಗ ಕೈಕಾಲು ಎಳೆಯುವುದು, ತಲೆಕೆಳಗೆ ಹಿಡಿಯುವುದು, ಮೂಗು ಬಾಯಿಗೆ ಊದುವುದು ಬೇಡ. ನುಂಗುವ ಶಕ್ತಿ ಕಡಿಮೆ ಇರುವುದರಿಂದ ಬಜೆ, ಜೇನು, ತೈಲ ಯಾವುದನ್ನೂ ಬಾಯಿಗೆ ಹಾಕಬೇಡಿ. ಅದು ಶ್ವಾಸನಾಳಕ್ಕೆ ಇಳಿಯಬಹುದು. ಮೆಲ್ಲಗೆ ಎಣ್ಣೆ ಸವರಿದರೆ ದೋಷವಿಲ್ಲ. ಆದರೆ ಅದು ಈ ರೋಗದ ಚಿಕಿತ್ಸೆಯಲ್ಲ.

4. ರೋಗನಿರ್ಣಯಕ್ಕೆ ಸ್ವಲ್ಪ ರಕ್ತ ಸಾಕು. ನಮ್ಮ ಭಾಗದವರು ಬೆಂಗಳೂರಿನ ನಿಮ್ಹಾನ್ಸ್ ಅಥವಾ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೋಗಬಹುದು. ಎರಡೂ ಅಕ್ಕಪಕ್ಕದಲ್ಲಿವೆ. ಮಕ್ಕಳ ಆರೋಗ್ಯ ಸಂಸ್ಥೆಯು ಮಾನವ ತಳಿವಿಜ್ಞಾನ ಕೇಂದ್ರದೊಡಗೂಡಿ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ, 2021ರ ಅಡಿಯಲ್ಲಿ ಉತ್ಕೃಷ್ಟತಾ ಕೇಂದ್ರವಾಗಿದೆ. ಅರ್ಹ ರೋಗಿಗೆ ಈ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವು ದೊರೆಯಲು ಅವಕಾಶವಿದೆ.

5. ಮನೆತನದಲ್ಲಿ ಕೂಸೊಂದು ಹೀಗೆ ತೀರಿಕೊಂಡಿದ್ದರೆ ಮುಂದಿನ ಬಸಿರಿಗೆ ಮೊದಲೇ ಗಂಡಹೆಂಡಿರಿಬ್ಬರೂ ವಾಹಕ ಪರೀಕ್ಷೆ ಮಾಡಿಸಿಕೊಳ್ಳಿ. ಬಸಿರಾಗಿದ್ದರೆ ಹನ್ನೊಂದನೆಯ ವಾರದಿಂದಲೇ ಗರ್ಭಸ್ಥ ಶಿಶುವಿನ ಪರೀಕ್ಷೆಗೆ ಅವಕಾಶವಿದೆ. ಅನಂತರದ ನಿರ್ಧಾರ ದಂಪತಿಗಳದು, ಆದರೆ ತಿಳಿದು ಮಾಡಿದ ನಿರ್ಧಾರವಾಗಲಿ.

ವೈದ್ಯಬಂಧುಗಳಲ್ಲಿ ಒಂದು ಮಾತು

ನಮ್ಮಂತೆಯೇ ಆಯುರ್ವೇದ ಓದಿ ಹಳ್ಳಿಗಳಲ್ಲಿ ಕುಳಿತಿರುವ ವೈದ್ಯಬಂಧುಗಳು ಈ ಪತ್ರಿಕೆಯನ್ನು ಓದುತ್ತಾರೆಂದು ಬಲ್ಲೆವು. ಕೂಸನ್ನು ಮೊದಲು ನೋಡುವವರು ನಾವೇ. ಶಾಸ್ತ್ರದಲ್ಲಿ ಉತ್ತರವಿರಲಿಲ್ಲ ಎಂದು ನಾವು ಹೇಳುವಂತಿಲ್ಲ. ಬೀಜಭಾಗಾವಯವ ಎಂಬ ಪದ ಅಲ್ಲಿಯೇ ಇತ್ತು. ನಾವು ಹಾಲಿನ ಅಧ್ಯಾಯವನ್ನು ತೆರೆದೆವು, ಬೀಜದ ಅಧ್ಯಾಯವನ್ನು ತೆರೆಯಲಿಲ್ಲ. ಸಕಾಲದಲ್ಲಿ ಬೇರೆಯವರ ಬಳಿಗೆ ಕಳಿಸುವುದೂ ಚಿಕಿತ್ಸೆಯೇ.

ಆ ತಾಯಿಗೆ ಅಂದು ನಾವು ಇಷ್ಟನ್ನೂ ವಿವರಿಸಲಾಗಲಿಲ್ಲ. “ಇಲ್ಲಮ್ಮ, ಹಾಲು ಕೆಟ್ಟಿರಲಿಲ್ಲ, ನಾವು ತಪ್ಪು ತಿಳಿದಿದ್ದೆವು” ಎಂದಷ್ಟೇ ಹೇಳಿದೆವು. ಆಕೆಯ ಅತ್ತೆ, ಅಂದರೆ ಆಕೆಯ ತಾಯಿಯನ್ನೂ ಹೆತ್ತ ಅಜ್ಜಿ, ಪಕ್ಕದಲ್ಲಿಯೇ ಇದ್ದರು. ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಮೊಮ್ಮಗಳ ಕೈ ಹಿಡಿದು ಮೇಲಕ್ಕೆಬ್ಬಿಸಿ ಕರೆದುಕೊಂಡು ಹೋದರು.

ನಿಮ್ಮ ಬೀದಿಯಲ್ಲಿ ಕತ್ತು ನಿಲ್ಲದ ಕೂಸೊಂದಿದ್ದರೆ ಈ ಲೇಖನವನ್ನು ಆ ಮನೆಯಲ್ಲಿ ಓದಿ ಹೇಳಿರಿ. ಈ ತಿಂಗಳು ನಿಮ್ಮಲ್ಲಿ ನಾವು ಬೇಡುವ ಸೇವೆ ಅದೊಂದೇ.